ಟೀಚರಮ್ಮನ ಎಡಗಣ್ಣು

ನಾನು ಕಣ್ಣು ಮಾಡುವವನು. ಹೀಗೆಂದ ಕೂಡಲೇ ಜನ ಮೊದಲು ಹಿಂದೆ ಸರಿಯುತ್ತಾರೆ, ಆಮೇಲೆ ಹತ್ತಿರ ಬರುತ್ತಾರೆ. ಡಾಕ್ಟರಾ ಎಂದು ಕೇಳುತ್ತಾರೆ. ಅಲ್ಲ. ಪೆಟ್ಟಿಗೋ ಕಾಯಿಲೆಗೋ ಒಂದು ಕಣ್ಣು ಕಳೆದುಕೊಂಡವರಿಗೆ, ಉಳಿದ ಕಣ್ಣಿಗೆ ಹೊಂದುವಂಥ ಇನ್ನೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ, ಬಣ್ಣ ಹಚ್ಚಿ ಕೂರಿಸುವುದು ನನ್ನ ಕಸುಬು. ಜನ ಇವತ್ತಿಗೂ ಗಾಜಿನ ಕಣ್ಣು ಅನ್ನುತ್ತಾರೆ; ನಾನು ಗಾಜು ಮುಟ್ಟುವುದು ಕಿಟಕಿ ಒರೆಸುವಾಗ ಮಾತ್ರ. ನಾನು ಮಾಡಿದ ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ನೋಡುವುದಕ್ಕೆ ಚೆನ್ನಾಗಿರುತ್ತದೆ. ನನ್ನ ಹೆಂಡತಿ ಇದೇ ಮಾತನ್ನು ನನ್ನ ಬಗ್ಗೆಯೂ ಹೇಳುತ್ತಾಳೆ, ಎರಡನೆಯ ಅರ್ಧ ಬಿಟ್ಟು.

ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನನ್ನ ಕೆಲಸ. ಹೊರಗಿನ ಕೋಣೆಯಲ್ಲಿ ಬಂದವರು ಕೂರಲು ಒಂದು ಉದ್ದನೆಯ ಬೆಂಚು, ನೀರಿನ ಹೂಜಿ, ಯಾರೂ ಓದದ ವಾರಪತ್ರಿಕೆಗಳು. ಒಳಗಿನದರಲ್ಲಿ ಉತ್ತರದ ಕಡೆಗೆ ಕಿಟಕಿ, ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಬಣ್ಣದ ಪುಡಿ ತುಂಬಿದ ಪುಟ್ಟ ಬಾಟಲಿಗಳು, ಇಲಿಯ ಮೀಸೆಯಷ್ಟು ತೆಳುವಾದ ಕುಂಚಗಳು, ಪ್ಲಾಸ್ಟಿಕ್ಕನ್ನು ಬೇಯಿಸಿ ಗಟ್ಟಿ ಮಾಡಲು ಒಂದು ಪ್ರೆಷರ್ ಕುಕ್ಕರ್. ಮದುವೆಯಾದ ಹೊಸತರಲ್ಲಿ ಒಮ್ಮೆ ಮನೆಯ ಕುಕ್ಕರನ್ನೇ ಹೊತ್ತು ತಂದಿದ್ದೆ. ಅದರಲ್ಲಿ ಏನು ಬೆಂದಿದೆಯೆಂದು ಹೆಂಡತಿಗೆ ಗೊತ್ತಾದ ದಿನ ನನಗಾದ ಮಂಗಳಾರತಿ ಇನ್ನೂ ಕಿವಿಯಲ್ಲಿದೆ. ಆ ಕುಕ್ಕರ್ ಮತ್ತೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.

ಹುಡುಗನಾಗಿದ್ದಾಗ ನಾನು ದೊಡ್ಡ ಚಿತ್ರಗಾರನಾಗುವವನಿದ್ದೆ. ಇದು ನನ್ನ ಮತ್ತು ನನ್ನ ತಾಯಿಯ ಅಭಿಪ್ರಾಯ. ಮೂರನೆಯವರು ಯಾರೂ ಒಪ್ಪಿರಲಿಲ್ಲ. ಮುಖ ಬರೆದರೆ ಮೂಗು ಎಲ್ಲಿಗೋ ಹೋಗುತ್ತಿತ್ತು, ಎರಡು ಕಿವಿಗಳು ಮುನಿಸಿಕೊಂಡ ಓರಗಿತ್ತಿಯರ ಹಾಗೆ ಒಂದು ಮೇಲೆ ಒಂದು ಕೆಳಗೆ ಇರುತ್ತಿದ್ದವು. ಕಣ್ಣು ಮಾತ್ರ ಇದ್ದದ್ದು ಇದ್ದ ಹಾಗೆ ಇಳಿಯುತ್ತಿತ್ತು. ನಮ್ಮ ಸೋದರಮಾವ ತನ್ನ ಚಿತ್ರ ನೋಡಿ, "ಇವನ್ಯಾರೋ ಗೊತ್ತಿಲ್ಲ, ಆದ್ರೆ ನನ್ನ ಕಣ್ಣು ಕದ್ದಿದ್ದಾನೆ" ಅಂದಿದ್ದ. ಹೊಟ್ಟೆಪಾಡಿಗೆ ಹಲ್ಲಿನ ಸೆಟ್ ಮಾಡುವ ಕಡೆ ಸೇರಿಕೊಂಡೆ. ಅಲ್ಲಿಗೆ ಪ್ಲಾಸ್ಟಿಕ್ ಪುಡಿ ಕೊಳ್ಳಲು ಬರುತ್ತಿದ್ದ ಮುದುಕರೊಬ್ಬರು, ನಾನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದ ಕಣ್ಣುಗಳನ್ನು ನೋಡಿ ನನ್ನನ್ನು ಎಬ್ಬಿಸಿಕೊಂಡು ಹೋದರು. ಈ ವಿದ್ಯೆಯೆಲ್ಲ ಅವರು ಕಲಿಸಿದ್ದು.

ಗುರುಗಳು ಮಾತಿನಲ್ಲಿ ಮಹಾ ಜಿಪುಣರು. ಕೈ ಹಿಡಿದು ಕಲಿಸುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ. ಕೆಲಸ ಬಿಡುವಾಗ ಒಂದೇ ಒಂದು ಕಟ್ಟಪ್ಪಣೆ ಕೊಟ್ಟರು: "ಮನೆಯವರ ಕಣ್ಣು ಮಾತ್ರ ಮಾಡ್ಬೇಡಪ್ಪ. ಬೇರೆಯವರ ಹತ್ರ ಕಳಿಸು." ಯಾಕೆಂದು ಕೇಳಿದ್ದಕ್ಕೆ ಮೂಗಿನೊಳಗೇ ಒಂದು ಸದ್ದು ಮಾಡಿದರು. ಮನೆಯವರೆಂದರೆ ಕೈ ನಡುಗುತ್ತದೆ, ಅದಕ್ಕೇ ಹೇಳಿರಬೇಕು ಅಂದುಕೊಂಡೆ. ನನ್ನ ಕೈಯಂತೂ ನಡುಗುವ ಜಾತಿಯದಲ್ಲ, ಆದ್ದರಿಂದ ಆ ಮಾತು ನನಗೆ ಹೇಳಿದ್ದಲ್ಲವೆಂದು ತೀರ್ಮಾನಿಸಿದೆ. ಹೀಗೆ ತೀರ್ಮಾನಿಸುವುದರಲ್ಲಿ ನಾನು ಎತ್ತಿದ ಕೈ.

ಕಸುಬು ಕೈಗೆ ಹತ್ತಿದ ಮೇಲೆ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿತು. ಎದುರಿಗೆ ಯಾರು ಬಂದರೂ ಕಣ್ಣೇ ನೋಡುವುದು. ಬಸ್ಸಿನಲ್ಲಿ ಹೀಗೆ ನೋಡುತ್ತ ನಿಂತು, "ಏನ್ರೀ ಗುರಾಯಿಸ್ತೀರಿ" ಎಂದು ಎಷ್ಟೋ ಜನರ ಬಾಯಿಗೆ ಬಿದ್ದಿದ್ದೇನೆ. ಎಲ್ಲರೂ ತಮ್ಮ ಕಣ್ಣು ಕಪ್ಪು ಅಂದುಕೊಂಡಿರುತ್ತಾರೆ. ಇಷ್ಟು ವರ್ಷದಲ್ಲಿ ನನಗೆ ಒಂದೂ ಕಪ್ಪು ಕಣ್ಣು ಸಿಕ್ಕಿಲ್ಲ; ಎಲ್ಲ ಕಂದು, ಒಂದರ ಹಾಗೆ ಇನ್ನೊಂದಿಲ್ಲದ ಕಂದು. ಮುಖ ಮರೆಯುತ್ತೇನೆ, ಹೆಸರು ಮರೆಯುತ್ತೇನೆ, ಒಮ್ಮೆ ನೋಡಿದ ಕಣ್ಣು ಮರೆಯುವುದಿಲ್ಲ. ಹಾಗೆಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬೀದಿಯವರೆಲ್ಲ ಟೀಚರಮ್ಮ ಅನ್ನುತ್ತಾರೆ, ಮನೆಯಲ್ಲಿ ನಾನೂ ಹಾಗೇ ಕರೆಯುವುದು. ಮದುವೆಗೆ ಮುಂಚೆ ಅವಳು ತನ್ನ ತರಗತಿಯ ಹುಡುಗಿಯೊಬ್ಬಳನ್ನು ಕಣ್ಣು ಮಾಡಿಸಲು ನನ್ನ ಹತ್ತಿರ ಕರೆತಂದಿದ್ದಳು. ನಾನು ಬಣ್ಣ ಹಚ್ಚುವಾಗ ಬೆನ್ನ ಹಿಂದೆ ನಿಂತು, "ಸರ್, ಬಲಗಡೆ ಒಂಚೂರು ಗಾಢ ಆಯ್ತು" ಅಂದಳು. ಗದರಿಸಬೇಕೆಂದು ತಿರುಗಿದವನು ಗದರಿಸಲಿಲ್ಲ. ತಿಳಿಯಾದ ಕಂದು ಕಣ್ಣು, ಪಾಪೆಯ ಸುತ್ತ ಚಕ್ರದ ಕಡ್ಡಿಗಳ ಹಾಗೆ ಹೊನ್ನಿನ ಗೆರೆ, ಎಡಗಣ್ಣಿನ ಕೆಳ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಕಪ್ಪು ಚುಕ್ಕೆ. ಆ ಹುಡುಗಿಯ ಕಣ್ಣಿಗೆ ಪಾಲಿಶ್ ಮಾಡಲು ನಾನು ಬೇಕಾದ್ದಕ್ಕಿಂತ ಬಹಳ ಹೆಚ್ಚು ದಿನ ತೆಗೆದುಕೊಂಡೆ. ಬಲಗಡೆ ಗಾಢವಾಗಿದ್ದದ್ದೂ ನಿಜವಾಗಿತ್ತು.

ಆಮೇಲೆ ಮದುವೆ, ಮಗಳು, ಮನೆ, ಸಂಸಾರ. ಮಗಳು ಈಗ ದೊಡ್ಡವಳು, ಕೋರ್ಟಿನಲ್ಲಿ ಕೆಲಸ, ಬಾಯಿ ಅಮ್ಮನದೇ.

ಕಳೆದ ವರ್ಷ ಪರೀಕ್ಷೆಗಳು ಮುಗಿದ ವಾರ, ಟೀಚರಮ್ಮ ಉತ್ತರಪತ್ರಿಕೆಗಳ ಕಟ್ಟನ್ನು ಸ್ಕೂಟರಿನ ಹಿಂದೆ ಇಟ್ಟು ರಬ್ಬರ್ ಹಗ್ಗದಿಂದ ಬಿಗಿಯುತ್ತಿದ್ದಳು. ಕೈ ಜಾರಿತು. ಹಗ್ಗದ ತುದಿಯ ಕಬ್ಬಿಣದ ಕೊಕ್ಕೆ ಚಿಮ್ಮಿ ನೇರ ಎಡಗಣ್ಣಿಗೆ ಬಡಿಯಿತು. ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಕೊನೆಗೆ ನನ್ನನ್ನು ಹೊರಗೆ ಕರೆದು, ಕಣ್ಣು ತೆಗೆಯಲೇಬೇಕು ಅಂದರು. ಅವರು ಎಷ್ಟೋ ಜನರನ್ನು ನನ್ನ ಹತ್ತಿರ ಕಳಿಸಿದವರು, ಆ ದಿನ ನನ್ನ ಹೆಗಲ ಮೇಲೆ ಕೈಯಿಟ್ಟು ಒಳಗೆ ಹೋದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಮಗುವಿನ ಹಾಗೆ ಅತ್ತೆ. ಮಗಳು ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

ಟೀಚರಮ್ಮ ಅಳಲಿಲ್ಲ. ಮನೆಗೆ ಬಂದು, ಗಾಯ ಮಾಯುತ್ತಿದ್ದಂತೆ, ಒಂದೇ ಮಾತು ಹೇಳಿದಳು. "ರಜ ಮುಗಿಯೋಷ್ಟರಲ್ಲಿ ಕಣ್ಣಾಗ್ಬೇಕು. ಸ್ಕೂಲು ಶುರುವಾದ ದಿನ ನಾನು ಕ್ಲಾಸಲ್ಲಿರ್ಬೇಕು."

"ಅಲ್ಲಿವರೆಗೆ ಕಪ್ಪು ಕನ್ನಡಕ ಹಾಕ್ಕೊಂಡು ಹೋಗ್ಬಹುದಲ್ಲ" ಅಂದೆ.

"ಕಪ್ಪು ಕನ್ನಡಕ ಹಾಕ್ಕೊಂಡು ಬೀಜಗಣಿತ ಹೇಳ್ಕೊಟ್ರೆ, ಟೀಚರು ನಿದ್ದೆ ಹೊಡೀತಿದ್ದಾರೆ ಅಂದ್ಕೊಳ್ತಾವೆ ಮಕ್ಕಳು. ಅವ್ರು ನನ್ನ ಕಣ್ಣಿಗೆ ಹೆದರೋದು ರೀ, ಬಾಯಿಗಲ್ಲ."

ಅವಳ ಮುಖದಲ್ಲಿ ಭಯ ಕಂಡಿದ್ದು ಆಗಲೇ. ಆಸ್ಪತ್ರೆಯಲ್ಲಿ ಹೆದರದವಳು ತನ್ನ ತರಗತಿಗೆ ಹೆದರಿದ್ದಳು. ಮಕ್ಕಳಿಲ್ಲದ ಟೀಚರಮ್ಮನನ್ನು ನಾನು ಕಲ್ಪಿಸಿಕೊಳ್ಳಲಾರೆ, ಅವಳೂ ಕಲ್ಪಿಸಿಕೊಳ್ಳಲಾರಳು.

ಗುರುಗಳ ಕಟ್ಟಪ್ಪಣೆ ನೆನಪಾಯಿತು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಬಿಟ್ಟರೆ ಈ ಕೆಲಸ ಬಲ್ಲವನು ಪಕ್ಕದ ಊರಿನಲ್ಲಿ ಒಬ್ಬನೇ. ಅವನೂ ಅದೇ ಗುರುಗಳ ಶಿಷ್ಯ, ನನಗಿಂತ ಕಿರಿಯ. ಅವನು ಮಾಡಿದ ಕಣ್ಣು ಕಂಡರೆ ನನಗೆ ಮೀನಿನ ಅಂಗಡಿ ನೆನಪಾಗುತ್ತದೆ ಎಂದು ನಾನು ಎಲ್ಲರೆದುರು ಹೇಳಿಕೊಂಡು ಬಂದಿದ್ದೇನೆ. ಇಂಥವನ ಬಾಗಿಲಿಗೆ ಹೆಂಡತಿಯನ್ನು ಕರೆದೊಯ್ದು ನಿಲ್ಲಿಸುವುದೇ? ಪ್ರಶ್ನೆಯೇ ಇಲ್ಲ. ನಾನೇ ಮಾಡುತ್ತೇನೆಂದೆ. ಅವಳು ಒಳಗಿಂದೊಳಗೆ ನಿಟ್ಟುಸಿರಿಟ್ಟಳು. ಅದು ಸಮಾಧಾನದ ನಿಟ್ಟುಸಿರೆಂದು ನಾನು ತಿಳಿದುಕೊಂಡೆ.

ಮೊದಲು ಅಚ್ಚು ತೆಗೆಯಬೇಕು. ಕಣ್ಣಿನ ಗೂಡಿನೊಳಗೆ ಡಾಕ್ಟರು ಒಂದು ಗುಂಡು ಕೂರಿಸಿರುತ್ತಾರೆ. ನಾವು ಮಾಡುವುದು ಅದರ ಮೇಲೆ ಚಿಪ್ಪಿನ ಹಾಗೆ ಕೂರುತ್ತದೆ, ಅದರ ಜತೆ ತುಸು ಅತ್ತಿತ್ತ ತಿರುಗುತ್ತದೆ. ಗೂಡಿನ ಅಳತೆ ಸಿಗಲು ತಣ್ಣನೆಯ ಹಿಟ್ಟಿನಂಥ ಪದಾರ್ಥ ಒಳಗೆ ಬಿಟ್ಟು ಅದು ಗಟ್ಟಿಯಾಗುವ ತನಕ ಅಲುಗಾಡದೆ ಕೂರಬೇಕು. ಬಂದವರಿಗೆ ನಾನು ಬೆಣ್ಣೆಯಂಥ ಮಾತಿನಲ್ಲಿ, "ನೇರ ನೋಡೀಮ್ಮಾ, ಏನೂ ಆಗಲ್ಲ, ಆಯ್ತು, ಆಗೇಹೋಯ್ತು" ಅನ್ನುತ್ತೇನೆ. ಇವಳಿಗೆ, "ಅಲ್ಲಾಡ್ಬೇಡ ಅಂದ್ನಲ್ಲ. ಎಷ್ಟ್ ಸಲ ಹೇಳೋದು" ಅಂದೆ.

"ಪೇಷೆಂಟುಗಳಿಗೆಲ್ಲ ಹೀಗೇ ಬಯ್ತೀರಾ?" ಎಂದು ಕೇಳಿದಳು, ತುಟಿ ಅಲುಗಿಸದೆ.

"ನೀನೇನು ಪೇಷೆಂಟಾ?"

ನಾನು ದೊಡ್ಡ ಪ್ರೀತಿಯ ಮಾತು ಆಡಿದೆನೆಂದು ಬೀಗಿದೆ.

ಅಚ್ಚಿನಿಂದ ಮೇಣದ ಮಾದರಿ, ಮೇಣದಿಂದ ಬಿಳಿ ಪ್ಲಾಸ್ಟಿಕ್ಕು, ಇಷ್ಟರವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಇನ್ನು ಬಣ್ಣ. ಬಣ್ಣದ ಕೆಲಸಕ್ಕೆ ಒಂದು ಪದ್ಧತಿಯುಂಟು. ಕಣ್ಣು ಬೇಕಾದವರು ಬೆಳಗಿನ ಹೊತ್ತು ಉತ್ತರದ ಕಿಟಕಿಗೆ ಮುಖ ಮಾಡಿ ಕೂರಬೇಕು, ನಾವು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಇರುವ ಕಣ್ಣನ್ನು ನೋಡುವುದು, ಒಂದು ಗೆರೆ ಎಳೆಯುವುದು, ಮತ್ತೆ ನೋಡುವುದು. ಇದು ಗಂಟೆಗಟ್ಟಲೆ ನಡೆಯುತ್ತದೆ. ಯಾರಿಗೂ ಇದರಿಂದ ವಿನಾಯಿತಿ ಇಲ್ಲ.

ಹೆಂಡತಿಗೆ ನಾನು ವಿನಾಯಿತಿ ಕೊಟ್ಟೆ. "ನೀನು ಬಂದು ಕೂರೋದೇನೂ ಬೇಡ. ನಿನ್ನ ಕಣ್ಣು ನಂಗೆ ಬಾಯಿಪಾಠ" ಅಂದೆ. ಅಲ್ಲದೆ ಎಡಗಣ್ಣಿನ ಆ ಚುಕ್ಕೆ ಬಲಗಣ್ಣಿನಲ್ಲಿ ಇರಲೇ ಇಲ್ಲ, ಅದು ಇದ್ದದ್ದು ನನ್ನ ತಲೆಯೊಳಗೆ ಮಾತ್ರ. ಕಿರಿಯವನು ಇದನ್ನು ಎಲ್ಲಿಂದ ತಂದಾನು ಎಂದು ಒಳಗೊಳಗೇ ನಕ್ಕೆ. ಕಿಟಕಿಯ ಮುಂದೆ ಒಬ್ಬನೇ ಕೂತೆ. ಎದುರಿಗಿನ ಕುರ್ಚಿ ಖಾಲಿ. ತಿಳಿಯಾದ ಕಂದು, ಹೊನ್ನಿನ ಗೆರೆಗಳು, ಸಾಸಿವೆ ಚುಕ್ಕೆ. ಬಿಳಿಯ ಭಾಗಕ್ಕೆ ಕೆಂಪು ರೇಷ್ಮೆಯ ಎಳೆ ಬಿಡಿಸಿ ನರಗಳನ್ನು ಅಂಟಿಸುತ್ತೇವೆ. ಅವಳಿಗೆ ಬೇಕೇ ಬೇಡವೇ ಎನ್ನುವಷ್ಟು ಸೂಕ್ಷ್ಮವಾಗಿ ಎರಡೋ ಮೂರೋ ಸಾಕೆನಿಸಿತು. ಮೇಲೆ ತಿಳಿ ಪ್ಲಾಸ್ಟಿಕ್ಕಿನ ಹೊದಿಕೆ ಕೊಟ್ಟು, ಪಾಲಿಶ್ ಮಾಡಿ, ಅಂಗೈಯಲ್ಲಿಟ್ಟುಕೊಂಡು ನೋಡಿದರೆ ನನ್ನ ಕಣ್ಣೇ ತುಂಬಿ ಬಂತು. ಇಂಥದ್ದನ್ನು ನಾನು ಹಿಂದೆ ಯಾವತ್ತೂ ಮಾಡಿರಲಿಲ್ಲ. ಕೆಳಗಿನ ಕನ್ನಡಕದ ಅಂಗಡಿಯವನಿಗೆ ತೋರಿಸಿದೆ. ಅವನು ಭೂತಗನ್ನಡಿ ಹಿಡಿದು ನೋಡಿ, "ಅಬ್ಬಾ, ಸಿನಿಮಾ ಹೀರೋಯಿನ್ ಕಣ್ಣು ಕಣಯ್ಯಾ" ಅಂದ. ಅಲ್ಲೇ ನನಗೆ ಎಚ್ಚರವಾಗಬೇಕಿತ್ತು. ನನಗೆ ಎರಡು ಕೊಂಬು ಮೂಡಿದವು.

ಮನೆಯಲ್ಲೇ ಕೂರಿಸಿದೆ. ಮಗಳು ಕನ್ನಡಿ ಹಿಡಿದು ನಿಂತಿದ್ದಳು. ಮೇಲಿನ ರೆಪ್ಪೆ ಎತ್ತಿ, ಒಳಗೆ ಜಾರಿಸಿ, ಕೆಳಗಿನ ರೆಪ್ಪೆ ಬಿಟ್ಟೆ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಚಪ್ಪಾಳೆಗೆ ಕಾಯುವವನ ಹಾಗೆ ಕೈ ಕಟ್ಟಿ ನಿಂತೆ.

ಟೀಚರಮ್ಮ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. "ಇದು ಯಾರ್ದು?" ಅಂದಳು.

"ಯಾರ್ದು ಅಂದ್ರೆ? ನಿಂದೇ."

ಮಗಳು ಕುತ್ತಿಗೆ ಚಾಚಿ ಅಮ್ಮನ ಮುಖ ನೋಡಿದಳು, ಆಮೇಲೆ ಕನ್ನಡಿಯಲ್ಲಿ ತನ್ನದನ್ನು. "ಅಪ್ಪಾ, ಇದು ನನ್ನ ಕಣ್ಣಿನ ಥರ ಇದೆ."

ನಾನು ಬಿಟ್ಟೇನೇ? ಟ್ಯೂಬ್‌ಲೈಟಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ ಅಂದೆ. ಊತ ಇನ್ನೂ ಪೂರ್ತಿ ಇಳಿದಿಲ್ಲ ಅಂದೆ. ಹೊಸತರಲ್ಲಿ ಎಲ್ಲರಿಗೂ ಹೀಗೇ ಅನ್ನಿಸುತ್ತದೆ, ರೂಢಿಯಾಗುತ್ತದೆ ಅಂದೆ. ಬೇರೆಯವರು ಹೀಗೆ ಗೊಣಗಿದಾಗಲೂ ಇದನ್ನೇ ಹೇಳುವುದು. ಅವರಲ್ಲಿ ಎಷ್ಟು ಜನ ಸರಿಯಾಗಿಯೇ ಗೊಣಗಿದ್ದರೋ ಈಗ ಯೋಚಿಸಲು ಧೈರ್ಯವಿಲ್ಲ. ಟೀಚರಮ್ಮ ವಾದ ಬೆಳೆಸಲಿಲ್ಲ. ಅವಳು ವಾದ ಬೆಳೆಸದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲವೆಂದು ಮಗಳಿಗೆ ಗೊತ್ತಿತ್ತು, ನನಗೆ ಹೊಳೆಯಲಿಲ್ಲ.

ಶಾಲೆ ಶುರುವಾದ ದಿನ ಇಸ್ತ್ರಿ ಮಾಡಿದ ಸೀರೆಯುಟ್ಟು ಹೊರಟಳು. ಸ್ಕೂಟರಿನಲ್ಲಿ ಗೇಟಿನವರೆಗೆ ಬಿಟ್ಟು ಬಂದೆ. ಮಧ್ಯಾಹ್ನದೊಳಗೆ ಆಟೋ ಮಾಡಿಕೊಂಡು ವಾಪಸು ಬಂದಳು. ನಾನು ಊಟಕ್ಕೆಂದು ಮನೆಯಲ್ಲಿದ್ದೆ. ಸೀದಾ ಬಚ್ಚಲಿಗೆ ಹೋಗಿ ಕಣ್ಣು ತೆಗೆದಳು, ತೊಳೆದಳು, ಸ್ಟೀಲಿನ ಬಟ್ಟಲಲ್ಲಿ ಹಾಕಿ ಮೇಲೆ ತಟ್ಟೆ ಮುಚ್ಚಿದಳು.

"ಏನಾಯ್ತೇ? ಯಾರಾದ್ರೂ ನಕ್ರಾ?"

"ನಕ್ಕಿದ್ರೆ ಚೆನ್ನಾಗಿತ್ತು." ಕುರ್ಚಿಯಲ್ಲಿ ಕೂತಳು. "ಒಬ್ರೂ ಉಸಿರೆತ್ತಲಿಲ್ಲ ರೀ. ನಾನು ಬಾಯ್ಮುಚ್ಚಿ ಅನ್ನೋಕೆ ಮುಂಚೇನೇ ಸುಮ್ಮನಿದ್ರು. ಮೊದಲನೇ ಬೆಂಚಿನ ಹುಡುಗಿ ನನ್ನ ಮುಖ ನೋಡಿ, ಒಂದು ಕಣ್ಣು ನೋಡಿ, ಇನ್ನೊಂದು ನೋಡಿ, ತಲೆ ತಗ್ಗಿಸಿಬಿಟ್ಲು. ಆಮೇಲೆ ಯಾರೂ ನನ್ನ ಮುಖಾನೇ ನೋಡ್ಲಿಲ್ಲ. ತಪ್ಪು ಲೆಕ್ಕ ಮಾಡಿದ ಹುಡುಗನ ಹತ್ರ ಹೋಗಿ ನಿಂತ್ರೆ, 'ಸಾರಿ ಮಿಸ್, ಸಾರಿ ಮಿಸ್' ಅಂತಾನೆ. ನಾನಿನ್ನೂ ಬೈದೇ ಇಲ್ಲ. ಪಾಪ ಅಂತ ಪಾಠ ಕೇಳೋ ಮಕ್ಕಳಿಗೆ ನಾನು ಪಾಠ ಹೇಳಲಾರೆ."

ಆಮೇಲೆ, ಅಡುಗೆಗೆ ಉಪ್ಪು ಮುಗಿದಿದೆ ಎಂಬಂತೆ ಹೇಳಿದಳು: "ಹೆಡ್‌ಮಿಸ್‌ಗೆ ಹೇಳಿ ಬಂದಿದ್ದೀನಿ. ಒಂದೆರಡು ವಾರ ನೋಡ್ತೀನಿ, ಇಲ್ಲಾಂದ್ರೆ ಕೆಲಸ ಬಿಡ್ತೀನಿ."

ತಟ್ಟೆ ಸರಿಸಿ ಬಟ್ಟಲಿನೊಳಗೆ ನೋಡಿದೆ. ನೀರಿನಡಿಯಿಂದ ಆ ಸಿನಿಮಾ ಹೀರೋಯಿನ್ ನನ್ನನ್ನೇ ನೋಡುತ್ತಿದ್ದಳು. ಕೊಂಬುಗಳು ಎರಡೂ ಒಟ್ಟಿಗೆ ಉದುರಿದವು. ನನ್ನ ಜಂಬ ನನ್ನೊಬ್ಬನ ಮೈಮೇಲೆ ಬಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದು ಅವಳ ಕೆಲಸದ ಮೇಲೆ ಬಿದ್ದಿತ್ತು.

"ಬಿಡ್ಬೇಡ ಕಣೆ" ಅಂದೆ. "ಪಕ್ಕದ ಊರಿಗೆ ಹೋಗೋಣ. ಅವನ ಹತ್ರ ಮಾಡಿಸೋಣ." ಇಷ್ಟು ಹೇಳಿ ಬಟ್ಟಲಿನ ಮೇಲೆ ಮತ್ತೆ ತಟ್ಟೆ ಮುಚ್ಚಿದೆ.

"ಹೋಗೋಣ" ಅಂದಳು, ಕ್ಷಣವೂ ಯೋಚಿಸದೆ.

ಇದು ನನಗೆ ಸ್ವಲ್ಪ ಚುಚ್ಚಿತು. "ಒಂದು ಮಾತಿಗಾದ್ರೂ ಬೇಡ ಅನ್ಬಹುದಿತ್ತು. ಅವನು ನಿನ್ನ ಒಂದ್ಸಲಾನೂ ನೋಡಿಲ್ಲ."

"ಅದಕ್ಕೇ" ಅಂದಳು. "ಅವನು ನನ್ನ ನೋಡಿಲ್ಲ, ಹಂಗಾಗಿ ನೋಡ್ತಾನೆ."

ಮಗಳು ಸಂಜೆ ಕೆಲಸದಿಂದ ಬಂದಾಗ ನಾನಿನ್ನೂ ಅದೇ ಕುರ್ಚಿಯಲ್ಲಿ ಕೂತಿದ್ದೆನಂತೆ. ಗುರುಗಳು ಮೂಗಿನೊಳಗೆ ಮಾಡಿದ ಸದ್ದಿನ ಅರ್ಥ ಅಷ್ಟು ಹೊತ್ತಿಗೆ ನನಗೆ ಹೊಳೆದಿತ್ತು. ಕೈ ನಡುಗುವುದಕ್ಕೆ ಅವರು ಹೆದರಿರಲಿಲ್ಲ. ಮನೆಯವರನ್ನು ನಾವು ನೋಡುವುದನ್ನು ಯಾವತ್ತೋ ಬಿಟ್ಟಿರುತ್ತೇವೆ, ಅದಕ್ಕೆ ಹೆದರಿದ್ದರು.

ಆ ರಾತ್ರಿ ಊಟದ ಹೊತ್ತಿಗೆ ನಾನು ಬಾಲ ಮುದುರಿಕೊಂಡು ಕೇಳಿಕೊಂಡೆ. ಒಂದೇ ಒಂದು ಬೆಳಗ್ಗೆ ಬಂದು ಕೂರು, ಆಗದಿದ್ದರೆ ನಾಡಿದ್ದೇ ಪಕ್ಕದ ಊರು. ಟೀಚರಮ್ಮ ಮಗಳ ಮುಖ ನೋಡಿದಳು. ಮಗಳು, "ಷರತ್ತು ಹಾಕಮ್ಮ" ಅಂದಳು, ಕೋರ್ಟಿನ ಬುದ್ಧಿ.

ಷರತ್ತು ಹಾಕಿದಳು. ತನ್ನನ್ನು ಉಳಿದವರ ಹಾಗೇ ನಡೆಸಿಕೊಳ್ಳಬೇಕು. ಹೊರಗಿನ ಬೆಂಚಿನಲ್ಲಿ ಕೂತು ಸರದಿ ಬಂದಾಗಲೇ ಒಳಗೆ ಬರುತ್ತಾಳೆ. ಏಕವಚನ ಕೂಡದು. ಹಳೆಯ ಕಣ್ಣು ಮೇಜಿನ ಮೇಲೆ ಇರಕೂಡದು. ನೋಡದೆ ಒಂದು ಗೆರೆ ಎಳೆದರೂ ಎದ್ದು ಹೋಗುತ್ತಾಳೆ.

ಮರುದಿನ ಬೆಳಗ್ಗೆ ಬಾಗಿಲು ತೆರೆದು ನೋಡಿದರೆ ಬೆಂಚಿನ ಮೇಲೆ ಒಬ್ಬ ಲಾರಿ ಮೆಕ್ಯಾನಿಕ್, ಒಬ್ಬಳು ಅಜ್ಜಿ, ಅವರ ನಡುವೆ ನನ್ನ ಹೆಂಡತಿ, ವಾರಪತ್ರಿಕೆ ಓದುತ್ತ. ಇಬ್ಬರ ಕೆಲಸ ಮುಗಿಸಿ ಹೊರಗೆ ಬಂದು, "ಬನ್ನೀಮ್ಮಾ" ಅಂದೆ. ಅವಳು ಪತ್ರಿಕೆ ಮಡಚಿಟ್ಟು, ನನ್ನನ್ನು ಎಲ್ಲೂ ಕಂಡೇ ಇಲ್ಲವೆಂಬ ಹಾಗೆ ಒಳಗೆ ಬಂದು ಕೂತಳು. ಮೊಣಕಾಲಿಗೆ ಮೊಣಕಾಲು ತಾಗಿತು. ಮೊದಲನೆಯ ಸಲ ಹೀಗೆ ಕೂತವರ ಎದುರು ಆಗುವಷ್ಟೇ ಸಂಕೋಚವಾಯಿತು.

"ನೇರ ನೋಡೀಮ್ಮಾ. ಏನೂ ಆಗಲ್ಲ."

ಅವಳು ನೇರ ನೋಡಿದಳು. ನಾನೂ ನೋಡಿದೆ.

ತಿಳಿಯಾದ ಕಂದು ಎಲ್ಲಿತ್ತು? ಬಣ್ಣ ಮಾಸಿ ಬೂದಿ ಬೆರೆತ ಕಂದಾಗಿತ್ತು. ಹೊನ್ನಿನ ಗೆರೆಗಳಲ್ಲಿ ಮೂರು ಪಾಲು ಅಳಿಸಿಹೋಗಿದ್ದವು. ಪಾಪೆ ಚಿಕ್ಕದಾಗಿತ್ತು. ಬಣ್ಣದ ಅಂಚಿನ ಸುತ್ತ, ವಯಸ್ಸಾದವರಲ್ಲಿ ಬರುವ ಬೂದು ನೀಲಿಯ ಒಂದು ಉಂಗುರ ಆಗಲೇ ಮುಕ್ಕಾಲು ಭಾಗ ಕೂಡಿಕೊಂಡಿತ್ತು. ಬಿಳಿ ಬಿಳಿಯಾಗಿರಲಿಲ್ಲ, ಹಳೆಯ ಪುಸ್ತಕದ ಹಾಳೆಯ ಬಣ್ಣ. ಮೂಗಿನ ಕಡೆ ಒಂದು ಹಳದಿ ಮಚ್ಚೆ, ಕೆಂಪು ನರಗಳು ಎರಡಲ್ಲ, ಒಂದು ಪೊದೆಯಷ್ಟು. ಇಷ್ಟೆಲ್ಲ ಯಾವಾಗ ಆಯಿತು? ದಿನಾ ಈ ಮುಖದ ಎದುರು ಕೂತು ಊಟ ಮಾಡಿದ್ದೇನೆ. ಬಸ್ಸಿನಲ್ಲಿ ಹೋಗುವ ಅಪರಿಚಿತರ ಕಣ್ಣನ್ನು ಬೈಸಿಕೊಂಡಾದರೂ ನೋಡಿದ್ದೇನೆ.

"ಏನು, ಸುಮ್ಮನಾದ್ರಿ?" ಎಂದು ಕೇಳಿದಳು.

"ನೋಡ್ತಿದ್ದೀನಿ."

ಬೆಳಗೆಲ್ಲ ಕಳೆಯಿತು. ನೋಡುವುದು, ಒಂದು ಗೆರೆ, ಮತ್ತೆ ನೋಡುವುದು. ಮೆಲ್ಲಗೆ ಒಂದು ಹನಿ ನೀರು ಬಣ್ಣದ ಮೇಲೆ ಬಿಟ್ಟರೆ, ಹೊದಿಕೆ ಹಾಕಿದ ಮೇಲೆ ಹೇಗೆ ಕಾಣುತ್ತದೆಂದು ತಿಳಿಯುತ್ತದೆ; ಹಾಗೆ ಬಿಟ್ಟು, ಅವಳ ಕೆನ್ನೆಯ ಪಕ್ಕ ಹಿಡಿದು, ತಪ್ಪು ಕಂಡು, ಒರೆಸಿ, ಮತ್ತೆ ಎಳೆದೆ. ಆ ಬೂದು ಉಂಗುರದ ಹತ್ತಿರ ಬಂದಾಗ ಕುಂಚ ನಿಂತಿತು. ಹೆಂಡತಿಯ ಮುಖದ ಮೇಲೆ ನನ್ನ ಕೈಯಾರೆ ಮುಪ್ಪು ಬರೆಯಬೇಕಿತ್ತು.

"ಇಲ್ಲೊಂದು ಉಂಗುರ ಇದೆ" ಅಂದೆ. "ವಯಸ್ಸಿಂದು. ಬೇಡಾಂದ್ರೆ ಸ್ವಲ್ಪ ತೆಳು ಮಾಡ್ಬಹುದು."

"ಇದೆಯಾ?"

"ಇದೆ."

"ಇದ್ದ ಮೇಲೆ ಹಾಕಿ."

ಹಾಕಿದೆ. ಅದನ್ನು ಹಾಕುವಾಗ ನನ್ನ ಕೈ ನಡುಗಿತು. ಅವಳ ಒಂಟಿ ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನು ಕೆಲಸ ಮಾಡುತ್ತಿದ್ದಾಗ ಅವಳೂ ಸುಮ್ಮನೆ ಕೂತಿರಲಿಲ್ಲವೆಂದು ತಿಳಿದದ್ದು ಅವಳು ಬಾಯಿ ಬಿಟ್ಟಾಗ. "ನಿಮ್ಮ ಕಿವಿಯಿಂದ ಕೂದಲು ಹೊರಗೆ ಬಂದಿದೆ. ಹುಬ್ಬು ಒಂದು ಕಡೆ ಪೂರ್ತಿ ಬಿಳಿ. ನೀವೂ ಮುದುಕರಾಗಿಬಿಟ್ರಲ್ರೀ." ಅವಳ ದನಿ ಒಡೆದಿತ್ತು. "ನಾನೂ ನೋಡಿರ್ಲಿಲ್ಲ."

ಕುಂಚ ಕೆಳಗಿಟ್ಟು ನಾನು ಅವಳ ಕೈ ಹಿಡಿದುಕೊಂಡೆ. "ಪೇಷೆಂಟುಗಳ ಕೈ ಹೀಗೆ ಹಿಡೀತೀರಾ?" ಎಂದು ಕೇಳಿ ಮೂಗು ಒರೆಸಿಕೊಂಡಳು. ಅವಳ ಕಣ್ಣು ಕೆಂಪಾದದ್ದರಿಂದ ಆ ದಿನ ನರಗಳ ಕೆಲಸ ಮಾಡುವ ಹಾಗಿರಲಿಲ್ಲ. ಕೆಂಪು ಇಳಿದ ಮೇಲೆ, ಇನ್ನೊಂದು ಬೆಳಗ್ಗೆ, ಮತ್ತೆ ಸರದಿಯಲ್ಲಿ ಬಂದು ಕೂತಳು. ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಅಂಟಿಸಿದೆ. ಕೊನೆಗೆ, "ಒಂದು ಚುಕ್ಕೆ ಇತ್ತು. ಎಡಗಣ್ಣಲ್ಲಿ ಮಾತ್ರ. ಅದೊಂದನ್ನ ನೆನಪಿಂದ ಹಾಕ್ಲಾ?" ಎಂದು ಅಪ್ಪಣೆ ಕೇಳಿದೆ. ಅವಳು ಯೋಚಿಸಿ ಒಪ್ಪಿದಳು, ಸಣ್ಣದಾಗಿರಲಿ ಎಂದಳು.

ಎರಡನೆಯ ಕಣ್ಣನ್ನು ಕನ್ನಡಕದ ಅಂಗಡಿಯವನಿಗೂ ತೋರಿಸಿದೆ. "ಇದೇನಯ್ಯ, ಸ್ವಲ್ಪ ಮಂಕಾಗಿದೆ" ಅಂದ. ಸದ್ಯ ಎಂದುಕೊಂಡೆ.

ಅದನ್ನು ಹಾಕಿದ ದಿನ ಟೀಚರಮ್ಮ ಕನ್ನಡಿಯಲ್ಲಿ ನೋಡಿದಳು. ಆಮೇಲೆ ಕೂದಲು ಬಾಚಿಕೊಳ್ಳತೊಡಗಿದಳು, ಕನ್ನಡಿಯನ್ನು ಕೂದಲಿಗಾಗಿ ನೋಡುವವರ ಹಾಗೆ. ಒಂದೆರಡು ವಾರದ ಗಡುವು ಇನ್ನೂ ಮುಗಿದಿರಲಿಲ್ಲ. ಮರುದಿನವೇ ಶಾಲೆಗೆ ಹೊರಟಳು.

ಗೇಟಿನಲ್ಲಿ ಬಿಟ್ಟು ಹೋಗು ಎಂದು ನನಗೆ ಸ್ಪಷ್ಟ ಆಜ್ಞೆಯಾಗಿತ್ತು. ಸ್ಕೂಟರ್ ತಿರುಗಿಸಿದೆ, ಮೂಲೆಯವರೆಗೆ ಹೋದೆ, ಮುಂದೆ ಹೋಗಲು ನನ್ನಿಂದಾಗಲಿಲ್ಲ. ಮತ್ತೆ ಹಾಗೇ ಆದರೆ, ಮತ್ತೆ ಮುಖ ಬಾಡಿಸಿಕೊಂಡು ಆಟೋದಲ್ಲಿ ಬಂದರೆ, ಕಣ್ಣಿನದಲ್ಲ, ಅವಳ ಅರ್ಧ ಜೀವದ ಕತೆ ಮುಗಿಯಿತು. ಹಿಂತಿರುಗಿ, ಯಾವುದೋ ಮಗುವಿನ ಅಜ್ಜನೆಂಬಂತೆ ಮೆಟ್ಟಿಲು ಹತ್ತಿ, ಅವಳ ತರಗತಿಯ ಹೊರಗೆ ಕಿಟಕಿಯ ಕೆಳಗೆ ಮುದುಡಿ ನಿಂತು ಇಣುಕಿದೆ. ಈ ವಯಸ್ಸಿಗೆ ಶೋಭಿಸುವ ಭಂಗಿಯಲ್ಲ.

ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಮತ್ತೆ ಅದೇ ಕತೆ ಅಂದುಕೊಂಡೆ. ಟೀಚರಮ್ಮ ಬೋರ್ಡಿನ ಕಡೆ ತಿರುಗಿ ಲೆಕ್ಕ ಬರೆಯತೊಡಗಿದಳು. ಬರೆದಳು, ಬರೆದಳು. ಮೊದಲ ಬೆಂಚಿನ ಹುಡುಗಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಎಲ್ಲೋ ಪೆನ್ನು ಬಿತ್ತು. ಹಿಂದಿನಿಂದ ಗುಸುಗುಸು ಶುರುವಾಯಿತು, ಯಾರೋ ಕಿಸಕ್ಕೆಂದರು, ಕಾಗದದ ಉಂಡೆಯೊಂದು ಹಾರಿ ಕಸದ ಬುಟ್ಟಿಯ ಹೊರಗೆ ಬಿತ್ತು. ಬೋರ್ಡಿನಿಂದ ಕೈ ತೆಗೆಯದೆ, ತಲೆಯನ್ನೂ ಪೂರ್ತಿ ತಿರುಗಿಸದೆ, ಕಡೆಗಣ್ಣಿನಿಂದ ಹಿಂದಕ್ಕೆ ನೋಡಿ, "ಯಾರದು? ಏಳು ಮೇಲೆ" ಅಂದಳು.

ಪ್ಲಾಸ್ಟಿಕ್ಕಿನ ಕಣ್ಣು ಇಷ್ಟು ಪಕ್ಕಕ್ಕೆ ಹೊರಳುವುದಿಲ್ಲ, ಒಂಚೂರು ಹಿಂದೆ ಬೀಳುತ್ತದೆ. ಎಂಥ ಗಟ್ಟಿಗನೂ ಅದನ್ನು ಸರಿಪಡಿಸಲಾರ. ಹಾಗಾಗಿ ಒಂದು ಕಣ್ಣು ಒಂದು ಬೆಂಚನ್ನೂ, ಇನ್ನೊಂದು ಕಣ್ಣು ಇನ್ನೊಂದು ಬೆಂಚನ್ನೂ ನೋಡಿದಂತಾಯಿತು. ಮೂರು ಹುಡುಗರು ಒಟ್ಟಿಗೆ ಎದ್ದು ನಿಂತರು.

ಟೀಚರಮ್ಮ ಮೂವರನ್ನೂ ನೋಡಿದಳು. "ನಾನು ಕರೆದದ್ದು ಒಬ್ಬನ್ನ" ಅಂದಳು. "ಇನ್ನಿಬ್ಬರು ಏನ್ ಮಾಡಿದ್ರಿ, ನೀವೇ ಹೇಳಿ." ಇಡೀ ತರಗತಿ ಗೊಳ್ಳೆಂದಿತು. ಎದ್ದು ನಿಂತವರೂ ತಡೆಯಲಾರದೆ ನಕ್ಕರು. ಅವಳ ಮುಖ ಅರಳಿತು, ಅವಳೂ ನಕ್ಕಳು, ಬಾಯ್ಮುಚ್ಚಿ ಎಂದು ಮೇಜು ಕುಟ್ಟಿದಳು. ಬಾಯಿ ಮುಚ್ಚಲು ಅವರು ಬಹಳ ಹೊತ್ತು ತೆಗೆದುಕೊಂಡರು.

ಕಿಟಕಿಯ ಹೊರಗೆ ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಆಗ ಅವಳು ಮುಖ ತಿರುಗಿಸಿ ನೇರವಾಗಿ ಕಿಟಕಿಯತ್ತ ನೋಡಿದಳು.

"ಹೊರಗಡೆ ನಿಂತಿರೋ ನಾಲ್ಕನೆಯವರು" ಅಂದಳು, "ಮನೆಗೆ ಹೋಗ್ಬಹುದು."

ಆ ನೋಟಕ್ಕೆ ಸಿಕ್ಕಿ ನಾನು ನಿಂತಲ್ಲೇ ನಿಂತೆ. ಎರಡು ಕಣ್ಣುಗಳೂ ನನ್ನ ಮೇಲಿದ್ದವು. ಅವುಗಳಲ್ಲಿ ನನ್ನನ್ನು ನೋಡುತ್ತಿರುವುದು ಯಾವುದು, ನಾನು ಮಾಡಿದ್ದು ಯಾವುದು ಎಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ. ತಲೆ ತಗ್ಗಿಸಿ ಮೆಟ್ಟಿಲಿಳಿದು ಮನೆಗೆ ಹೋದೆ.